ಪಟ್ಟಿ ಅಂದರೆ ಯಾವ ಪಟ್ಟಿ?

ವೇದಿಕೆಯಲ್ಲಿರುವ ಹಿರಿಯರಿಗೆ, ಎದುರಿಗಿರುವ ಅಧ್ಯಾಪಕ ಬಂಧುಗಳಿಗೆ, ಹಿಂದಿನ ಸಾಲಿನ ಮಕ್ಕಳಿಗೆ ನಮಸ್ಕಾರ.

ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಅನ್ನದ ಸಭೆ ಇಲ್ಲ. ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಅಂತ ಬೆರಳು ಮಡಚಿ ಲೆಕ್ಕ ಕೊಟ್ಟು, ಚಪ್ಪಾಳೆ ಬಿದ್ದ ಮೇಲೆ ಮುಂದಿನ ವಿಷಯಕ್ಕೆ ಹೋಗುತ್ತೇವೆ. ಏಳು ಭಾಷೆ ಒಂದೇ ಪೇಟೆಯಲ್ಲಿ ಓಡಾಡುವಾಗ ಮಾತುಗಳಿಗೆ ಏನಾಗುತ್ತದೆ ಅಂತ ನೋಡುವವರು ಕಡಿಮೆ. ಇವತ್ತು ಒಂದೇ ಒಂದು ಮಾತು ಹಿಡಿದುಕೊಂಡು ಅದನ್ನು ನೋಡೋಣ. ಸಣ್ಣ ಮಾತು, ಎರಡೇ ಅಕ್ಷರ. ಪಟ್ಟಿ.

ನಕ್ಕವರು ಯಾರು ಅಂತ ಇಲ್ಲಿಂದ ಚೆನ್ನಾಗಿ ಕಾಣುತ್ತದೆ. ಮಲಯಾಳ ಬಲ್ಲವರು!

ಬಾರದವರಿಗೆ ಹೇಳಿಬಿಡುತ್ತೇನೆ. ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ. ಗೇಟಿನಲ್ಲಿ 'ಪಟ್ಟಿಯುಂಡ್, ಸೂಕ್ಷಿಕ್ಕುಕ' ಅಂತ ಬೋರ್ಡು ತೂಗುತ್ತಿರುತ್ತದೆ. ಅಕ್ಷರ ಕೂಡಿಸಿ ಓದಲು ಕಲಿತು, ಭಾಷೆ ಇನ್ನೂ ಹಿಡಿತಕ್ಕೆ ಬಾರದ ಕನ್ನಡಿಗನಿಗೆ ಅದು 'ಪಟ್ಟಿ ಉಂಟು, ಜಾಗ್ರತೆ' ಅಂತ ಕೇಳಿಸುತ್ತದೆ. ಎಂಥ ಪಟ್ಟಿ ಮಾರಾಯ್ರೆ, ಸಾಲದವರದ್ದಾ ಅಂತ ಯೋಚಿಸುವಷ್ಟರಲ್ಲಿ ಒಳಗಿಂದ ಬೊಗಳುವುದು ಶುರು. ಅದೇ ಮಾತು ಬೈಗುಳವೂ ಹೌದು. ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರ ಜಗಳ ಏರಿದರೆ ಯಾರದ್ದಾದರೂ ಬಾಯಲ್ಲಿ ಅದು ಬಂದೇ ಬರುತ್ತದೆ.

ನಮ್ಮ ಕರಾವಳಿಯಲ್ಲಿ ಬರೆಯುವ ಪುಸ್ತಕಕ್ಕೂ ಪಟ್ಟಿ ಅನ್ನುವ ರೂಢಿ ಇದೆ. ಇಲ್ಲಿನ ಎಷ್ಟೋ ಶಾಲೆಗಳಲ್ಲಿ ಕನ್ನಡ ಮಾಧ್ಯಮ, ಮಲಯಾಳ ಮಾಧ್ಯಮ ಅಕ್ಕಪಕ್ಕದ ಕೋಣೆಗಳಲ್ಲೇ ನಡೆಯುತ್ತವೆ. ಕನ್ನಡ ಟೀಚರು ಗಟ್ಟಿಯಾಗಿ 'ಎಲ್ಲರೂ ಪಟ್ಟಿ ತೆಗೆಯಿರಿ' ಅಂದರೆ ಆಚೆ ಕೋಣೆಯ ಮಕ್ಕಳಿಗೆ ಏನು ಕೇಳಿಸೀತು, ನೀವೇ ಯೋಚಿಸಿ.

ತಮಾಷೆ ಬದಿಗಿಡೋಣ. ಮತದಾರರ ಪಟ್ಟಿಯನ್ನೇ ತೆಗೆದುಕೊಳ್ಳಿ. ಗಡಿಯ ಕನ್ನಡಿಗರಿಗೆ ಅದು ಬಹಳ ಮುಖ್ಯದ ಕಾಗದ ಅಲ್ವಾ? ಕಾಸರಗೋಡಿನಲ್ಲಿ ಅದರ ಹೆಸರು 'ವೋಟರ್ ಪಟ್ಟಿಕ'. ಮಲಯಾಳದವರಿಗೆ ಪಟ್ಟಿ ನಾಯಿಯಾದ್ದರಿಂದ ಬಾಲದಲ್ಲೊಂದು 'ಕ' ಉಳಿದದ್ದು ಒಳ್ಳೆಯದೇ ಆಯಿತು. ತಾಳವಾಡಿಗೆ ಹೋಗಿ, ಹೊಸೂರಿಗೆ ಹೋಗಿ, ಅಲ್ಲಿ ಅದು 'ವಾಕ್ಕಾಳರ್ ಪಟ್ಟಿಯಲ್'. ತಮಿಳರು ಸೇರಿಸಿದ್ದು 'ಯಲ್'. ಆದೋನಿ, ಮಡಕಶಿರದ ಕಡೆ ತೆಲುಗಿನಲ್ಲಿ 'ಓಟರ್ಲ ಜಾಬಿತಾ'. ಅಕ್ಕಲಕೋಟೆ, ಜತ್ತದ ಕಡೆ ಮರಾಠಿಯಲ್ಲಿ 'ಮತದಾರ ಯಾದಿ'. ಈ ಯಾದಿಯನ್ನು ಉತ್ತರ ಕರ್ನಾಟಕದವರು ಕನ್ನಡದಲ್ಲೂ ಬಳಸುತ್ತಾರೆ. ಬಾಲ ಗೀಲ ಇಲ್ಲದೆ ಬರೀ ಪಟ್ಟಿ ಅನ್ನುವವರು ನಾವು ಮಾತ್ರ.

ಸೊಲ್ಲಾಪುರದ ಕಡೆಯ ಕನ್ನಡಿಗನ ಅವಸ್ಥೆ ಇನ್ನೂ ಬೇರೆ. ಮರಾಠಿಯಲ್ಲೂ ಪಟ್ಟಿ ಅನ್ನುವ ಮಾತು ಇದೆ. ಆದರೆ ಅಲ್ಲಿ 'ಘರಪಟ್ಟಿ' ಅಂದರೆ ಮನೆ ತೆರಿಗೆ, 'ಪಾಣಿಪಟ್ಟಿ' ಅಂದರೆ ನೀರಿನ ತೆರಿಗೆ. ಪಟ್ಟಿ ನೋಡಬೇಕಿತ್ತು ಅಂತ ಕಚೇರಿಯಲ್ಲಿ ಕೇಳಿದರೆ ದುಡ್ಡು ಕಟ್ಟುವ ಕಿಟಕಿ ತೋರಿಸಿಯಾರು. ಶಾಲೆಯಲ್ಲಿ ಗೆರೆ ಎಳೆಯುವ ರೂಲರೂ ಅವರಿಗೆ ಪಟ್ಟಿ. ಹಾರ್ಮೋನಿಯಂನ ಕಪ್ಪು ಬಿಳಿ ಮನೆಗಳೂ ಪಟ್ಟಿ. ಉತ್ತರ ಕರ್ನಾಟಕದಲ್ಲಿ ಜಾತ್ರೆಗೆ, ಗಣಪತಿಗೆ ಊರವರಿಂದ ಎತ್ತುವ ವಂತಿಗೆಯೂ ಪಟ್ಟಿಯೇ. ನಾವು ಕರಾವಳಿಯವರು ಅದಕ್ಕೆ ಸುಮ್ನೆ ರಶೀದಿ ಪುಸ್ತಕ ಹಿಡಿದುಕೊಂಡು ಹೋಗುತ್ತೇವೆ.

ರೂಲರು, ತೆರಿಗೆ, ಹೆಸರುಗಳ ಸಾಲು, ಬರೆಯುವ ಪುಸ್ತಕ. ಇವೆಲ್ಲ ಬೇರೆ ಬೇರೆ ಮಾತುಗಳಾ? ಅಲ್ಲ. ಇವೆಲ್ಲ ಒಂದೇ ಬೇರಿನವು. ಬೇರು ಸಂಸ್ಕೃತದ 'ಪಟ್ಟ', 'ಪಟ್ಟಿಕಾ'. ಅರ್ಥ ಉದ್ದಕ್ಕೆ ಸಪೂರವಾಗಿರುವ ತುಂಡು. ಬಟ್ಟೆಯದ್ದಾಗಲಿ, ಮರದ್ದಾಗಲಿ, ಲೋಹದ್ದಾಗಲಿ. ಗಾಯಕ್ಕೆ ಕಟ್ಟುವುದು ಪಟ್ಟಿ. ಸೊಂಟಪಟ್ಟಿ, ಹಣೆಪಟ್ಟಿ, ನಾಯಿಯ ಕುತ್ತಿಗೆ ಪಟ್ಟಿ. ಇಲ್ಲಿ ಮತ್ತೆ ನಾಯಿ ಬಂತು, ಇರಲಿ. ತೆಲುಗಿನಲ್ಲಿ 'ಪಟ್ಟೀಲು' ಅಂದರೆ ಹೆಣ್ಣುಮಕ್ಕಳ ಕಾಲಿನ ಬೆಳ್ಳಿಯ ಕಾಲ್ಗೆಜ್ಜೆ. ರಾಜನಿಗೆ ಪಟ್ಟ 'ಕಟ್ಟುತ್ತಾರೆ' ಅನ್ನುತ್ತೇವಲ್ಲ, ಯಾಕೆ ಕಟ್ಟುವುದು? ಹಣೆಗೆ ಚಿನ್ನದ ಪಟ್ಟಿ ಕಟ್ಟುತ್ತಿದ್ದರು, ಅದಕ್ಕೆ. ಯಕ್ಷಗಾನದ ಪಟ್ಟಾಭಿಷೇಕ ಪ್ರಸಂಗ ನೋಡುವಾಗ ಕೈಕೆಯ ಮಾತಿಗೆ ಕಿವಿ ಕೊಡುತ್ತೇವೆ, ಪಟ್ಟ ಅನ್ನುವ ಮಾತಿಗೆ ಕೊಡುವುದಿಲ್ಲ.

ತುಂಡು ಬಟ್ಟೆಯಿಂದ ಹೆಸರಿನ ಸಾಲಿಗೆ ಹೇಗೆ ಬಂತು? ಉದ್ದದ ತುಂಡಿನ ಮೇಲೆ ಒಂದರ ಕೆಳಗೊಂದು ಹೆಸರು ಬರೆದರೆ ಮೊದಲು ತುಂಡಿಗೆ ಹೆಸರು, ಆಮೇಲೆ ಅದರಲ್ಲಿ ಬರೆದದ್ದಕ್ಕೂ ಅದೇ ಹೆಸರು. ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಇಂಗ್ಲಿಷಿನ ಲಿಸ್ಟ್ ನೋಡಿ. ಅದರ ಹಳೆಯ ಅರ್ಥ ಬಟ್ಟೆಯ ಅಂಚು, ಪಟ್ಟಿ. ಫ್ರೆಂಚಿನಲ್ಲಿ 'ಲಿಸ್ತ್' ಅಂದರೆ ಕಾಗದದ ಸಪೂರ ತುಂಡು ಅಂತಾಗಿ, ಅದರಿಂದ ಹೆಸರುಗಳ ಸಾಲು ಅಂತಾಯಿತು. ಅಂದರೆ ಪಟ್ಟಿ ಮತ್ತು ಲಿಸ್ಟ್ ಎಲ್ಲೋ ದೂರದೂರದಲ್ಲಿ ಹುಟ್ಟಿ, ಒಂದನ್ನೊಂದು ನೋಡದೆ, ಒಂದೇ ದಾರಿಯಲ್ಲಿ ನಡೆದುಬಂದವು. ನನಗೆ ಈ ಇಡೀ ಕಥೆಯಲ್ಲಿ ಜಾಸ್ತಿ ಇಷ್ಟವಾದದ್ದು ಇದೇ.

ಎರಡೂ ಅರ್ಥ ನಮ್ಮ ಬಾಯಲ್ಲಿ ಇನ್ನೂ ಒಟ್ಟಿಗೆ ಇವೆ ಅನ್ನುವುದಕ್ಕೆ ಪೇಪರಿನ ಭಾಷೆಯೇ ಸಾಕ್ಷಿ. 'ನೌಕರರು ಕಪ್ಪು ಪಟ್ಟಿ ಧರಿಸಿ ಪ್ರತಿಭಟಿಸಿದರು' ಅಂತ ಒಂದು ಸುದ್ದಿ. ಪಕ್ಕದಲ್ಲೇ 'ಗುತ್ತಿಗೆದಾರ ಕಪ್ಪು ಪಟ್ಟಿಗೆ' ಅಂತ ಇನ್ನೊಂದು. ಒಂದು ತೋಳಿನ ಬಟ್ಟೆ, ಇನ್ನೊಂದು ಕಚೇರಿಯ ಕಾಗದ. ಓದುಗ ತಡವರಿಸುವುದೇ ಇಲ್ಲ.

ಈ ಪಟ್ಟಿ ಸಮುದ್ರವನ್ನೂ ದಾಟಿದೆ. ಹಿಂದಿಯಲ್ಲಿ ಕಾಲಿಗೆ ಸುತ್ತುವ ಬಟ್ಟೆ ಪಟ್ಟಿ. ಬ್ರಿಟಿಷ್ ಸೈನ್ಯ ಅದನ್ನು ಹಿಡಿದುಕೊಂಡು ಇಂಗ್ಲಿಷಿಗೆ 'ಪಟೀ' ಅನ್ನುವ ಮಾತು ಕೊಟ್ಟಿತು. 1914ರಿಂದ 1918ರ ಮಹಾಯುದ್ಧದ ಫೋಟೋಗಳಲ್ಲಿ ಸೈನಿಕರ ಕಣಕಾಲಿನಿಂದ ಮೊಣಕಾಲಿನ ತನಕ ಸುತ್ತಿದ್ದು ಇದೇ. ಹಿಂದಿಯಲ್ಲಿ ಇನ್ನೊಂದು ಮಾತೂ ಇದೆ, 'ಪಟ್ಟಿ ಪಢಾನಾ'. ಯಾರಿಗಾದರೂ ಇಲ್ಲಸಲ್ಲದ್ದು ಹೇಳಿಕೊಟ್ಟು ದಾರಿ ತಪ್ಪಿಸುವುದು. ನಮ್ಮ 'ಕಿವಿ ಊದುವುದು' ಇದಕ್ಕೆ ಹತ್ತಿರ.

ಇಷ್ಟು ಒಂದು ಪಟ್ಟಿಯ ಕಥೆ. ಇನ್ನೊಂದು ಪಟ್ಟಿ ಇದೆ, ಅದು ಸಂಸ್ಕೃತದ್ದಲ್ಲ, ದ್ರಾವಿಡದ್ದು. ನಮ್ಮಲ್ಲಿ ಅದು ವೇಷ ಬದಲಿಸಿಕೊಂಡಿದೆ.

ತಮಿಳುನಾಡಿನ ಊರ ಹೆಸರು ನೆನಪಿಸಿಕೊಳ್ಳಿ. ಉಸಿಲಂಪಟ್ಟಿ, ಕೋವಿಲ್‌ಪಟ್ಟಿ, ಆಂಡಿಪಟ್ಟಿ. ನಮ್ಮ ಗಡಿಗೆ ಹತ್ತಿರದ ಧರ್ಮಪುರಿ ಜಿಲ್ಲೆಯಲ್ಲಿ ಪಾಪ್ಪಾರಪಟ್ಟಿ. ಇಲ್ಲಿ ಪಟ್ಟಿ ಅಂದರೆ ದನ, ಕುರಿ ಕೂಡಿಹಾಕುವ ಜಾಗ, ಅದರ ಸುತ್ತ ಬೆಳೆದ ಸಣ್ಣ ಊರು. ಇದು ಕನ್ನಡದಲ್ಲಿ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಹಳಗನ್ನಡದ ಪಕಾರ ನಡುಗನ್ನಡಕ್ಕೆ ಬರುವಾಗ ಹಕಾರ ಆಯಿತು. ಪುಲಿ ಹುಲಿಯಾಯಿತು, ಪಾಲು ಹಾಲಾಯಿತು. 13ನೇ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದ ಹೊತ್ತಿಗೆ ಇದು ವ್ಯಾಕರಣಕಾರರು ಗಮನಿಸಿದ ಸಂಗತಿ. ತಮಿಳು, ಮಲಯಾಳ, ತುಳು ಈ ಬದಲಾವಣೆಗೆ ಒಪ್ಪಲಿಲ್ಲ. ತುಳುವಿನ ಪಿಲಿ ಇವತ್ತಿಗೂ ಪಿಲಿಯೇ. ಹಾಗಾದರೆ ಪಟ್ಟಿ? ಹಟ್ಟಿ!

ಇಲ್ಲಿ ಹವ್ಯಕರ ಮನೆಯವರು ಇದ್ದೀರಿ. ಬೆಳಗ್ಗೆ ಎದ್ದು ಹಾಲು ಕರೆಯಲು ಹೋಗುವುದು ಎಲ್ಲಿಗೆ? ಹಟ್ಟಿಗೆ. ತುಳುವರ 'ಕಿದೆ', ನಿಮ್ಮ ಹಟ್ಟಿ. ಚಿತ್ರದುರ್ಗದ ಕಡೆ ಗೊಲ್ಲರಹಟ್ಟಿ. ನೀಲಗಿರಿಯಲ್ಲಿ ಬಡಗರ ಊರುಗಳಿಗೂ ಹಟ್ಟಿ ಅಂತಲೇ ಹೆಸರು. ಉಸಿಲಂಪಟ್ಟಿಯ ಪಟ್ಟಿ ಮತ್ತು ನಿಮ್ಮ ಮನೆಯ ಹಿಂದಿನ ಹಟ್ಟಿ ಒಡಹುಟ್ಟಿದವು. ಮುಖ ನೋಡಿದರೆ ಗೊತ್ತೇ ಆಗುವುದಿಲ್ಲ.

ಸಂಸ್ಕೃತದಿಂದ ಬಂದ ಪಟ್ಟಿ ಮಾತ್ರ ಕನ್ನಡದಲ್ಲಿ ಪಟ್ಟಿಯಾಗಿಯೇ ಉಳಿಯಿತು. ಅಪ್ಪಟ ನಮ್ಮದು ಹ ಆಯಿತು, ಹೊರಗಿನದು ಪ ಆಗಿಯೇ ನಿಂತಿತು. ಹಾಗಾಗಿ ನಮಗೆ ಕೊಟ್ಟಿಗೆಗೂ ಹೆಸರಿನ ಸಾಲಿಗೂ ಗೊಂದಲವಿಲ್ಲ. ತಮಿಳರಿಗೆ ಎರಡೂ ಪ ಆಗಿಯೇ ಉಳಿದವು, ಅವರು ಬೇರೆ ಉಪಾಯ ಮಾಡಬೇಕಾಯಿತು. 'ಪಟ್ಟಿಯಲ್' ಅದೇ.

ಅಂದರೆ ನೋಡಿ, ಹೆಸರು ಒಂದೇ ಇದ್ದವರೆಲ್ಲ ನೆಂಟರಲ್ಲ, ನೆಂಟರ ಹೆಸರು ಒಂದೇ ಇರಬೇಕೆಂದೂ ಇಲ್ಲ. ನಮ್ಮ ಪಟ್ಟಿಗೆ ಮಲಯಾಳದಲ್ಲಿ ಸಂಬಂಧ ಪಟ್ಟಿಕದ ಜೊತೆ, ಗೇಟಿನ ಒಳಗೆ ಬೊಗಳುವುದರ ಜೊತೆ ಅಲ್ಲ.

ಇಲ್ಲಿ ಒಂದು ಎಚ್ಚರಿಕೆ. ದನದ ಪಟ್ಟಿ ಕಾಯುವುದು ನಾಯಿ, ಆದ್ದರಿಂದ ನಾಯಿಗೆ ಪಟ್ಟಿ ಅಂತ ಹೆಸರು ಬಂತು ಅಂತ ಯಾರಾದರೂ ಹೇಳಿದರೆ ಕೇಳಲು ಚೆಂದವಾಗಿಯೇ ಇರುತ್ತದೆ. ಕುತ್ತಿಗೆಗೆ ಪಟ್ಟಿ ಕಟ್ಟುತ್ತಾರೆ, ಅದಕ್ಕೆ ಅಂತ ಇನ್ನೊಬ್ಬರು ಹೇಳಿಯಾರು. ಇಂಥ ಕಥೆ ಕೂತಲ್ಲೇ ಹತ್ತು ಕಟ್ಟಬಹುದು, ವಾಟ್ಸಾಪಿನಲ್ಲಿ ದಿನಾ ಬರುತ್ತವೆ. ಕಥೆ ಕೂಡಿಬಂದರೆ ಸಾಲದು, ಹಳೆಯ ಬಳಕೆ ತೋರಿಸಬೇಕು, ಧ್ವನಿಯ ನಿಯಮ ಒಪ್ಪಬೇಕು. ನಾಯಿಗೆ ದ್ರಾವಿಡದ ಹಳೆಯ ಮಾತು 'ನಾಯ್'. ಕನ್ನಡ, ತುಳು, ತಮಿಳು ಮೂರರಲ್ಲೂ ಅದೇ ನಡೆಯುತ್ತದೆ. ಮಲಯಾಳದಲ್ಲೂ 'ನಾಯ' ಇದೆ, ಪಟ್ಟಿ ಅದರ ಪಕ್ಕದಲ್ಲಿ ನಿಂತಿದೆ.

ಇದನ್ನೆಲ್ಲ ತಾಳೆ ನೋಡಲು ಬೇಕಾದ ಪುಸ್ತಕಗಳು ನಮ್ಮ ಕರಾವಳಿಯಲ್ಲೇ ಹುಟ್ಟಿದವು ಅನ್ನುವುದನ್ನು ಮಕ್ಕಳಿಗೆ ಹೇಳಬೇಕು. ಗುಂಡರ್ಟನ ಮಲಯಾಳ ನಿಘಂಟು 1872ರಲ್ಲಿ, ಮ್ಯಾನರನ ತುಳು ನಿಘಂಟು 1886ರಲ್ಲಿ, ಕಿಟ್ಟೆಲನ ಕನ್ನಡ ನಿಘಂಟು 1894ರಲ್ಲಿ. ಮೂವರೂ ಬಾಸೆಲ್ ಮಿಶನ್ನಿನವರು, ಮೂರೂ ಮಂಗಳೂರಿನಿಂದ ಪ್ರಕಟವಾದವು. ಬರೋ ಮತ್ತು ಎಮೆನೋ ಸೇರಿ ದ್ರಾವಿಡ ಭಾಷೆಗಳ ಮಾತುಗಳನ್ನೆಲ್ಲ ಒಟ್ಟು ಹಾಕಿ ನಿಘಂಟು ತಂದದ್ದು 1961ರಲ್ಲಿ, ಅದೂ ಇಂಥ ಹಳೆಯ ನಿಘಂಟುಗಳ ಮೇಲೆಯೇ ನಿಂತದ್ದು.

ತೆಲುಗಿನಲ್ಲಿ ಪಟ್ಟಿ ಅಂದರೆ ಹಿಡಿದು. ನಮ್ಮ 'ಪಟ್ಟು ಹಿಡಿ' ಅನ್ನುವಲ್ಲಿನ ಪಟ್ಟು ಅದರ ಕಡೆಯದು. ಇನ್ನೊಂದು ಅರ್ಥ ಮಗು. 'ಮುದ್ದುಲ ಪಟ್ಟಿ' ಅಂದರೆ ಮುದ್ದಿನ ಕಂದ. ಹಿಂದೂಪುರದ ಅಜ್ಜಿ ಮೊಮ್ಮಗನನ್ನು ಹಾಗೆ ಕೊಂಡಾಡಿದ್ದು ಕಾಸರಗೋಡಿನ ಬಸ್ಸಿನಲ್ಲಿ ಆದರೆ ಪಕ್ಕದವರು ತಿರುಗಿ ನೋಡುವುದು ಖಂಡಿತ.

ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಚಾಳಿ ಶುರುವಾದ ಮೇಲಂತೂ ಗಲಿಬಿಲಿ ಇನ್ನೂ ಹೆಚ್ಚಿದೆ. ಆ ಅಕ್ಷರಗಳಿಗೆ ಟ ಮತ್ತು ತ ಒಂದೇ, ಪ ಮತ್ತು ಪಾ ಒಂದೇ. ತಮಿಳಿನ ಪಾಟ್ಟಿ, ಅಂದರೆ ಅಜ್ಜಿ, ಮಲಯಾಳದವನ ಕಣ್ಣಿಗೆ ನಾಯಿ. ಹಿಂದಿಯ 'ಪತ್ತಿ' ಎಲೆ, ಚಾಯ್‌ಪತ್ತಿಯಲ್ಲಿ ಇರುವುದು. ತೆಲುಗಿನ 'ಪತ್ತಿ' ನಮ್ಮ ಹತ್ತಿ, ಇಲ್ಲೂ ಅದೇ ಪ ಮತ್ತು ಹ. ಮಲಯಾಳದ 'ಪತ್ತಿ' ಹಾವಿನ ಹೆಡೆ. ಇಟಲಿಯಲ್ಲಿ 'ಪತ್ತಿ' ಅಂದರೆ ಒಪ್ಪಂದಗಳು. 1929ರಲ್ಲಿ ವ್ಯಾಟಿಕನ್ ಬೇರೆ ರಾಷ್ಟ್ರವಾದ ಒಪ್ಪಂದಕ್ಕೆ ಅವರಲ್ಲಿ ಇದೇ ಹೆಸರು. ಫಿನ್ಲೆಂಡಿನವರಿಗೆ ಅದು ಹಣೆ ಬಡಿಸಿಕೊಂಡಾಗ ಏಳುವ ಬುಗುಟು. ಇವಕ್ಕೆ ಒಂದಕ್ಕೊಂದು ಏನೂ ಸಂಬಂಧವಿಲ್ಲ. ಬಾಯಿಗೆ ಸುಲಭವಾದ ಎರಡಕ್ಷರ, ಸಿಕ್ಕಿದವರೆಲ್ಲ ಬಳಸಿಕೊಂಡಿದ್ದಾರೆ, ಅಷ್ಟೇ.

ಕಚೇರಿ ಅರ್ಜಿಗೆ ಬಂದರೆ ಮಾತ್ರ ಇದು ಬರೀ ನಗುವ ವಿಷಯ ಅಲ್ಲ. ಮಲಯಾಳದ ಫಾರಂನಲ್ಲಿ 'ಪಟ್ಟಿಕ ಜಾತಿ', 'ಪಟ್ಟಿಕ ವರ್ಗಂ' ಅಂತ ಇರುತ್ತದೆ. ಕನ್ನಡದ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಅದೇ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ತಾನು ಟಿಕ್ ಹಾಕಬೇಕಾದ ಚೌಕ ಯಾವುದು ಅಂತ ತಿಳಿಯದೆ ನಿಂತರೆ ತಪ್ಪು ಅವಳದ್ದಲ್ಲ. ಪಟ್ಟಿಕ ಅಂದರೆ ಪಟ್ಟಿ ಅಂತ ಶಾಲೆಯಲ್ಲೇ ಒಂದು ಸಲ ಹೇಳಿಕೊಟ್ಟಿದ್ದರೆ ಮುಗಿಯುತ್ತಿತ್ತು.

ಕೊನೆಗೆ ಒಂದು ಮರದ ತುಂಡು. ನಮ್ಮ ಹಂಚಿನ ಮಾಡು ನೋಡಿ. ಮೇಲಿನಿಂದ ಕೆಳಗೆ ಇಳಿಜಾರಾಗಿ ಬರುವ ದಪ್ಪ ಮರಕ್ಕೆ ನಾವು ಪಕ್ಕಾಸು ಅನ್ನುತ್ತೇವೆ. ಅದಕ್ಕೆ ಅಡ್ಡ, ಹಂಚು ಕೂರಲು ಹೊಡೆಯುವ ಸಪೂರ ತುಂಡು ರೀಪು. ಮಲಯಾಳದ ಆಚಾರಿಗೆ ಪಕ್ಕಾಸು 'ಕಳುಕ್ಕೋಲ್', ರೀಪು 'ಪಟ್ಟಿಕ'. ಮತದಾರರ ಹೆಸರಿನ ಸಾಲೂ ಅವರಿಗೆ ಪಟ್ಟಿಕ, ಮಾಡಿನ ರೀಪೂ ಪಟ್ಟಿಕ. ಸಂಸ್ಕೃತದ ಹಳೆಯ ಸಪೂರ ತುಂಡು ಇಲ್ಲಿ ಇನ್ನೂ ತುಂಡಾಗಿಯೇ ಇದೆ, ಅದಕ್ಕೆ ಮೊಳೆ ಹೊಡೆಯುತ್ತಾರೆ, ಮಳೆಗಾಲಕ್ಕೆ ಮೊದಲು ಗೆದ್ದಲು ಹಿಡಿದಿದೆಯಾ ಅಂತ ನೋಡುತ್ತಾರೆ. ಇಲ್ಲಿ ಕೊಂಕಣಿ ಮನೆಯವರು, ಮರಾಠಿ ಮಾತಾಡುವವರು, ಬ್ಯಾರಿ ಬಂಧುಗಳು ಇದ್ದೀರಿ. ಆ ರೀಪಿಗೆ ನಿಮ್ಮ ಮನೆಯಲ್ಲಿ ಏನು ಹೇಳುತ್ತೀರಿ? ಮೈಕು ಆ ಕಡೆ ಕೊಡುತ್ತೇನೆ, ಒಬ್ಬೊಬ್ಬರೇ ಹೇಳಿ.