ಜೋಡಿ ಸಿಗದ ವರ್ಣತಂತುಗಳು

ಕೇಳುಗರಿಗೆ ನಮಸ್ಕಾರ. ಇವತ್ತು ಗಸಗಸೆಯ ಬಗ್ಗೆ ಮಾತಾಡೋಣ. ಗಸಗಸೆಗಿಂತ ಜಾಸ್ತಿ, ಅದರೊಳಗಿನ ಒಂದು ಲೆಕ್ಕದ ಬಗ್ಗೆ.

ಅಫೀಮು ಕೊಡುವ ಗಸಗಸೆ ಗಿಡದ ಒಂದೊಂದು ಜೀವಕೋಶದಲ್ಲೂ 22 ವರ್ಣತಂತುಗಳಿರುತ್ತವೆ, ಅಂದರೆ ವಂಶದ ಗುಣಗಳನ್ನು ಹೊತ್ತ ದಾರದಂಥ ಎಳೆಗಳು, ಕ್ರೋಮೋಸೋಮುಗಳು. ತಾಯಿಯಿಂದ 11, ತಂದೆಯಿಂದ 11. ಇದರ ದಾಯಾದಿ ಒಂದಿದೆ, ಪಪಾವರ್ ಬ್ರಾಕ್ಟಿಯೇಟಮ್ ಅಂತ. ಕಡುಗೆಂಪು ಹೂವಿನ ಗಿಡ, ವರ್ಷವರ್ಷವೂ ಬುಡದಿಂದಲೇ ಚಿಗುರುತ್ತದೆ. ಅದರಲ್ಲಿರುವುದು 14, ಅಂದರೆ 7 ಜೋಡಿ.

ಮೊದಲು ಸುಲಭದ ಕತೆ. ಹಾಲೆಂಡಿನ ಸಸ್ಯವಿಜ್ಞಾನಿ ಹ್ಯೂಗೋ ದ ವ್ರೀಸ್ 1890ರ ದಶಕದಲ್ಲಿ ಅಫೀಮು ಗಸಗಸೆಯದೇ ಎರಡು ತಳಿಗಳನ್ನು ಕೂಡಿಸಿದರು. ಒಂದರ ಎಸಳಿನ ಬುಡದಲ್ಲಿ ಕಪ್ಪು ಮಚ್ಚೆ, ಇನ್ನೊಂದರಲ್ಲಿ ಬಿಳಿ. ಮಕ್ಕಳೆಲ್ಲ ಕಪ್ಪು ಮಚ್ಚೆಯವೇ. ಮೊಮ್ಮಕ್ಕಳಲ್ಲಿ ಹೆಚ್ಚುಕಡಿಮೆ ಮೂರು ಕಪ್ಪಿಗೆ ಒಂದು ಬಿಳಿ. ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಇಳಿಯುವ ಬಗ್ಗೆ ಮೆಂಡೆಲ್ ಹೇಳಿದ್ದ ನಿಯಮವನ್ನು 1900ರಲ್ಲಿ ಮತ್ತೆ ಬೆಳಕಿಗೆ ತಂದವರಲ್ಲಿ ಇವರೂ ಒಬ್ಬರು. ಈ ಮೂರಕ್ಕೊಂದು ಸುಮ್ನೆ ಬರುವುದಿಲ್ಲ. ಪರಾಗ ತಯಾರಾಗುವಾಗ ವರ್ಣತಂತುಗಳು ಜೋಡಿ ಕಟ್ಟಬೇಕು, ಆಮೇಲೆ ಸಮನಾಗಿ ಬೇರೆಯಾಗಬೇಕು. ಆಗಲೇ ಆ ಲೆಕ್ಕ ತಾಳೆಯಾಗುವುದು.

ಈಗ ಅಫೀಮು ಗಸಗಸೆಗೆ ಬ್ರಾಕ್ಟಿಯೇಟಮ್ ಪರಾಗ ಹಚ್ಚಿ ನೋಡಿ. ಬೀಜ ಕಟ್ಟುವುದೇ ಕಷ್ಟ. ಗಿಡ ಬಂದರೆ ಅದರಲ್ಲಿ 11 ಮತ್ತು 7, ಒಟ್ಟು 18. ಬೆಳೆಯಲು ತೊಂದರೆಯಿಲ್ಲ, ಹೂವೂ ಬಿಡುತ್ತದೆ. ತಕರಾರು ಶುರುವಾಗುವುದು ಮೊಗ್ಗಿನೊಳಗೆ.

ಆ ಮೊಗ್ಗು ಇನ್ನೂ ಎಳೆಯದಿರುವಾಗಲೇ ಕೀಳಬೇಕು. ಅರಳಿದ ಮೇಲೆ ಕಾಲ ಮಿಂಚಿರುತ್ತದೆ. ಪುಟ್ಟ ಪರಾಗಕೋಶವನ್ನು ಗಾಜಿನ ಮೇಲಿಟ್ಟು, ಕೆಂಪು ಬಣ್ಣ ಹನಿಸಿ, ಮೇಲೊಂದು ತೆಳು ಗಾಜು ಇಟ್ಟು ಹೆಬ್ಬೆರಳಿನಿಂದ ಒತ್ತಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮಾಮೂಲಿ ಗಿಡದಲ್ಲಾದರೆ 11 ಜೋಡಿ ನಡುವೆ ಸಾಲಾಗಿ ನಿಂತಿರುತ್ತವೆ. ಹೀಗೆ ಎರಡು ಜಾತಿ ಕೂಡಿ ಹುಟ್ಟಿದ ಗಿಡದಲ್ಲಿ, ಅಂದರೆ ಸಂಕರದಲ್ಲಿ, ಹಲವು ಒಂಟಿಯಾಗಿ ಚೆಲ್ಲಾಡಿರುತ್ತವೆ. ಕೆಲವು ಆ ಕಡೆ, ಕೆಲವು ಈ ಕಡೆ, ಇನ್ನು ಕೆಲವು ದಾರಿಯಲ್ಲೇ ಉಳಿದುಬಿಡುತ್ತವೆ. ಇಂಥ ಪರಾಗಕ್ಕೆ ಬಣ್ಣ ಹಾಕಿದರೆ ಹೆಚ್ಚಿನವು ಬಣ್ಣ ಹಿಡಿಯುವುದೇ ಇಲ್ಲ. ಒಳಗೆ ಏನಾದರೂ ಇದ್ದರೆ ತಾನೇ?

ಕೈಯಾರೆ ಮಾಡಿದ ಗಸಗಸೆ ಸಂಕರಗಳಲ್ಲಿ ಈ ಆಟವನ್ನು ಗಮನಿಸಿ 1921ರಲ್ಲೇ ಪ್ರಬಂಧ ಬರೆದವರು ಜಪಾನಿನ ಕೋನೋ ಯಾಸುಯಿ. ಓದಲು ವಿದೇಶಕ್ಕೆ ಹೊರಟಾಗ ಅರ್ಜಿಯಲ್ಲಿ ವಿಜ್ಞಾನದ ಜೊತೆಗೆ ಗೃಹವಿಜ್ಞಾನ ಅಂತಲೂ ಬರೆಯಬೇಕಾಯಿತಂತೆ! 1927ರಲ್ಲಿ ಅವರು ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಜಪಾನಿ ಮಹಿಳೆಯಾದರು. ಅದು ಬಂದದ್ದು ಮಾತ್ರ ಕಲ್ಲಿದ್ದಲಿನ ಅಧ್ಯಯನಕ್ಕೆ.

ಒಂಟಿಗಳಿಗೆ ಜೋಡಿ ಒದಗಿಸುವ ಉಪಾಯವೂ ಉಂಟು. ಕಾಲ್ಚಿಸಿನ್ ಎಂಬ ರಾಸಾಯನಿಕ ಹಾಕಿದರೆ ಜೀವಕೋಶ ಎರಡಾಗುವುದು ನಿಲ್ಲುತ್ತದೆ, ವರ್ಣತಂತುಗಳು ಮಾತ್ರ ಎರಡರಷ್ಟಾಗುತ್ತವೆ. 18 ಇದ್ದದ್ದು 36. ಈಗ ಪ್ರತಿಯೊಂದಕ್ಕೂ ತನ್ನದೇ ನಕಲು ಜೊತೆಗಾರ. ಗಿಡಕ್ಕೆ ಬೀಜ ಕಟ್ಟುವ ಶಕ್ತಿ ಮರಳಬಹುದು.

ಇಷ್ಟೆಲ್ಲ ಯಾಕೆ ಅಂತೀರಾ? ಬ್ರಾಕ್ಟಿಯೇಟಮ್ ತನ್ನಲ್ಲಿ ಥೀಬೇನ್ ಎಂಬ ರಾಸಾಯನಿಕ ಕೂಡಿಡುತ್ತದೆ, ಮಾರ್ಫಿನ್ ಅಲ್ಲ. ಥೀಬೇನಿನಿಂದ ಕೋಡೀನ್ ಎಂಬ ನೋವಿನ ಔಷಧಿ ಮಾಡಬಹುದು. ಆ ಗುಣ ಅಫೀಮು ಗಸಗಸೆಗೂ ಬರಲಿ ಅನ್ನುವುದು ತಳಿಗಾರರ ಆಸೆ. ಹಾಗಾಗಿ 36ರ ಗಿಡವನ್ನು ಮತ್ತೆ ಅಫೀಮು ಗಸಗಸೆಗೇ ಕೂಡಿಸಬೇಕು. ಆಗ 36ರ ಅರ್ಧ 18ಕ್ಕೆ ಅಫೀಮು ಗಸಗಸೆಯ 11 ಸೇರಿ 29. ಅದರಲ್ಲಿ 22 ತಂತುಗಳು ಸೇರಿ 11 ಜೋಡಿಯಾಗುತ್ತವೆ, ಬ್ರಾಕ್ಟಿಯೇಟಮ್ಮಿನ 7 ಮತ್ತೆ ಅನಾಥ. ಹೀಗೇ ಕೂಡಿಸುತ್ತಾ ಹೋದರೆ ಈ ಏಳೂ ಒಂದೊಂದಾಗಿ ಕಳಚಿಕೊಳ್ಳುತ್ತವೆ, ಗಿಡ ಪುನಃ 22ಕ್ಕೆ ಬಂದು ನಿಲ್ಲುತ್ತದೆ. ಅಷ್ಟರೊಳಗೆ ಎಲ್ಲಾದರೂ 23 ಇರುವ ಗಿಡ, ಅಂದರೆ 22ರ ಜೊತೆಗೆ ಬ್ರಾಕ್ಟಿಯೇಟಮ್ಮಿನದೊಂದು ಉಳಿದಿರುವ ಗಿಡ, ಸಿಕ್ಕೀತೇ ಅಂತ ತಳಿಗಾರ ಮೊಗ್ಗು ಒತ್ತಿ ಎಣಿಸುತ್ತಾ ಕೂತಿರುತ್ತಾನೆ.

ನಮಸ್ಕಾರ.