ಕತ್ತು ನೋವು: ಗದ್ದದಿಂದ ಶುರು ಮಾಡಿ

ಅಂಗಾತ ಮಲಗಿ, ತಲೆಯಡಿ ಮಡಚಿದ ಟವೆಲ್ ಇಟ್ಟುಕೊಂಡಿದ್ದೀನಿ. ಸುಮ್ಮನೆ ಮಲಗಿದ ಹಾಗೆ ಕಾಣುತ್ತೆ. ಆದರೆ ಗದ್ದ ನೋಡಿ. 'ಹೂಂ' ಅಂತ ಮೆಲ್ಲಗೆ ತಲೆಯಾಡಿಸಿದಷ್ಟೇ ಅಲುಗಾಡ್ತಿದೆ. ತಲೆ ಮೇಲೇಳ್ತಿಲ್ಲ.

ಬಹಳ ದಿನದಿಂದ ಕತ್ತು ನೋವು ಇರೋರಿಗೆ ಫಿಸಿಯೋಗಳು ಮೊದಮೊದಲು ಹೇಳಿಕೊಡೋದರಲ್ಲಿ ಇದೂ ಒಂದು. ನಮ್ಮ ತಲೆ ನಾಲ್ಕೂವರೆ, ಐದು ಕೆಜಿ ತೂಗುತ್ತೆ. ಅದನ್ನ ಹೊತ್ತಿರೋದು ಕತ್ತಿನ 7 ಮೂಳೆ. ಆ ಮೂಳೆಗಳ ಮುಂಭಾಗಕ್ಕೆ ಅಂಟಿಕೊಂಡ ಹಾಗೆ, ಅನ್ನನಾಳದ ಹಿಂದೆ, ಲಾಂಗಸ್ ಕೊಲೈ, ಲಾಂಗಸ್ ಕ್ಯಾಪಿಟಿಸ್ ಅನ್ನೋ ಸ್ನಾಯುಗಳಿವೆ. ನೋವು ಹಳೆಯದಾದಾಗ ಎಷ್ಟೋ ಜನರಲ್ಲಿ ಇವು ಸರಿಯಾಗಿ ಕೆಲಸ ಮಾಡಲ್ಲ. ಹೊರಪದರದ ದೊಡ್ಡ ಸ್ನಾಯುಗಳೇ ಎಲ್ಲಾ ಭಾರ ಎಳೀತಾವೆ, ಬಿಗಿದುಕೊಳ್ತಾವೆ.

ಅದಕ್ಕೇ ಕತ್ತಿನ ಪಕ್ಕ ಎರಡು ಬೆರಳು ಇಟ್ಟಿದ್ದೀನಿ. ಕಿವಿ ಹಿಂದಿನಿಂದ ಎದೆಮೂಳೆಗೆ ಬರೋ ದಪ್ಪ ಸ್ನಾಯು ಮೆತ್ತಗೇ ಇರಬೇಕು. ಅದು ಉಬ್ಬಿದರೆ ಜೋರು ಜಾಸ್ತಿ ಆಯ್ತು ಅಂತ. ಗದ್ದ ಮೆಲ್ಲಗೆ ಬಗ್ಗಿಸಿ ಹತ್ತು ಸೆಕೆಂಡ್ ಹಾಗೇ ಇದ್ದು ಬಿಡೋದು, ಹತ್ತು ಸಲ. ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟ್ ಗ್ವೆಂಡೊಲೆನ್ ಜಲ್ ಅವರ ತಂಡ ಇದನ್ನ ಅಳೆಯೋಕೂ ದಾರಿ ಮಾಡಿತು. ಕತ್ತಿನಡಿ ಗಾಳಿ ತುಂಬಿದ ಪುಟ್ಟ ಚೀಲ ಇಟ್ಟು, ಗದ್ದ ಬಗ್ಗಿಸುತ್ತಲೇ ಅದರ ಒತ್ತಡವನ್ನ 20ರಿಂದ 30 ಎಂಎಂ ಪಾದರಸದವರೆಗೆ (ಬಿಪಿ ನೋಡೋ ಅಳತೆಯೇ) ಎರಡೆರಡೇ ಏರಿಸೋದು. ಎಷ್ಟು ನಾಜೂಕಿನ ಕೆಲಸ ಅಂತ ಇದರಲ್ಲೇ ಗೊತ್ತಾಗುತ್ತೆ.

ಆಮೇಲೆ ಭುಜದ ಹಲಗೆಗಳಿಗೆ ರಬ್ಬರ್ ಬ್ಯಾಂಡ್ ಎಳೆತ. ಕಂಕುಳ ಕಡೆ ನೋಡ್ತಾ ಕತ್ತು ಬಗ್ಗಿಸಿ, ಹಿಂಬದಿ ಹಿಗ್ಗಿಸೋದು. ಫಿಸಿಯೋ ಕೈಯಲ್ಲಿ ಕೀಲುಗಳನ್ನ ಸಡಿಲಿಸಿದರೆ ಹಾಯೆನಿಸುತ್ತೆ, ಬೇಡ ಅನ್ನಲ್ಲ. ಆದರೆ ವ್ಯಾಯಾಮ ಜೊತೆಗಿಲ್ಲದೆ ಬರೀ ಅದನ್ನೇ ನಂಬಬೇಡಿ. ಬಿಸಿ ಶಾಖವೂ ಅಷ್ಟೇ. ಕಾಲರ್ ಪಟ್ಟಿಯನ್ನಂತೂ ಡಾಕ್ಟರ್ ಹೇಳದೆ ವಾರಗಟ್ಟಲೆ ಹಾಕ್ಕೋಬೇಡಿ, ಸ್ನಾಯು ಇನ್ನೂ ಸೋಲುತ್ತೆ.

ಕಟಿಂಗ್ ಶಾಪಲ್ಲಿ ಕತ್ತು ಹಿಡಿದು 'ಲಟಕ್' ಅನ್ನಿಸ್ತಾರಲ್ಲ, ದಯವಿಟ್ಟು ಅದನ್ನ ಮಾಡಿಸ್ಕೋಬೇಡಿ. ಮೆದುಳಿಗೆ ರಕ್ತ ಒಯ್ಯೋ ನಾಳ ಇದೇ ಕತ್ತಿನ ಮೂಳೆಗಳ ರಂಧ್ರಗಳಲ್ಲಿ ಹಾದುಹೋಗುತ್ತೆ. ಅಪರೂಪಕ್ಕೆ ಅದರ ಒಳಪದರ ಹರಿದು ಪಾರ್ಶ್ವವಾಯು ಆಗಿದ್ದುಂಟು.

ಕೈಗೆ ಜೋಮು, ಹಿಡಿತ ಸಡಿಲ, ನಡೆಯುವಾಗ ತೂಗಾಟ, ಮೂತ್ರದ ಮೇಲೆ ಹತೋಟಿ ತಪ್ಪೋದು, ಜ್ವರ, ಬಿದ್ದ ಪೆಟ್ಟು, ಇದರಲ್ಲಿ ಯಾವುದಿದ್ದರೂ ಈ ವ್ಯಾಯಾಮ ಬೇಡ. ಮೊದಲು ಡಾಕ್ಟರ್ ಹತ್ರ ಹೋಗಿ.