ಅರ್ಜಿಯ ಪ್ರಬಂಧಕ್ಕೆ ಒಂದು ಕಥಾಪಾತ್ರ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಮಕ್ಕಳ ಜೊತೆ ಅಪ್ಪ ಅಮ್ಮಂದಿರೂ ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ. ಪಿಯುಸಿ ಮಕ್ಕಳೇ ಜಾಸ್ತಿ ಇದ್ದೀರಿ ಅನ್ನಿಸುತ್ತೆ. ನಾನು ಸಾಹಿತ್ಯ ಪಾಠ ಮಾಡುವವಳು. ವಿದೇಶದ ಕಾಲೇಜುಗಳಿಗೆ ಅರ್ಜಿ ಹಾಕುವ ಹುಡುಗ ಹುಡುಗಿಯರು ತಮ್ಮ ಪ್ರಬಂಧಗಳನ್ನು ನನ್ನ ಹತ್ತಿರ ತರುತ್ತಾರೆ. ಅದರಲ್ಲೂ ಕಥೆ ಕಾದಂಬರಿಯ ಒಂದು ಪಾತ್ರದ ಬಗ್ಗೆ ಬರೆಯುವವರ ಜೊತೆ ಕೂತು ಮಾತಾಡುವುದು ನನಗೆ ಬಹಳ ಇಷ್ಟ. ಇವತ್ತು ಅದರ ಬಗ್ಗೆಯೇ ಹೇಳುತ್ತೇನೆ.

ನಮ್ಮಲ್ಲಿ ಕಾಲೇಜು ಸೇರುವುದು ಎಂದರೆ ಅಂಕ, ಇಲ್ಲವೇ ಸಿಇಟಿ ರ‍್ಯಾಂಕ್. ಕೆಇಎ ಸೀಟು ಹಂಚುವಾಗ ನೀವು ಯಾವ ಕಾದಂಬರಿ ಓದಿದ್ದೀರಿ ಅಂತ ಯಾರೂ ಕೇಳುವುದಿಲ್ಲ. ಅಮೆರಿಕದ ಕಾಲೇಜುಗಳು ಕೇಳುತ್ತವೆ. ಅಲ್ಲಿನ ಬಹಳಷ್ಟು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆಪ್ ಎಂಬ ವ್ಯವಸ್ಥೆ ಇದೆ. ಅದಕ್ಕೆ 250ರಿಂದ 650 ಪದಗಳ ಒಂದು ಪ್ರಬಂಧ ಬರೆಯಬೇಕು. 2013ಕ್ಕೆ ಮುಂಚೆ ಅದರ ಪ್ರಶ್ನೆಗಳಲ್ಲಿ ಒಂದು ನೇರವಾಗಿ ಹೀಗೇ ಇತ್ತು: ನಿಮ್ಮ ಮೇಲೆ ಪ್ರಭಾವ ಬೀರಿದ ಒಂದು ಕಥಾಪಾತ್ರ, ಐತಿಹಾಸಿಕ ವ್ಯಕ್ತಿ ಅಥವಾ ಕೃತಿಯನ್ನು ವಿವರಿಸಿ, ಆ ಪ್ರಭಾವ ಏನು ಅಂತ ಹೇಳಿ. ಆಮೇಲೆ ಪ್ರಶ್ನೆಗಳು ಬದಲಾದವು. ಆದರೆ ಇಷ್ಟವಾದ ವಿಷಯದ ಬಗ್ಗೆ ಬರೆಯಿರಿ ಎನ್ನುವ ಪ್ರಶ್ನೆ ಈಗಲೂ ಇದೆ. ಕೆಲವು ಕಾಲೇಜುಗಳು ಬೇರೆಯಾಗಿ ಕೇಳುವ ಸಣ್ಣ ಪ್ರಶ್ನೆಗಳಲ್ಲೂ ಪುಸ್ತಕಗಳು ಬರುತ್ತವೆ. ಇಂಗ್ಲೆಂಡಿಗೆ ಹೋಗುವವರಿಗೆ ಇದು ಅಷ್ಟಾಗಿ ಬೇಕಾಗುವುದಿಲ್ಲ. ಅಲ್ಲಿನ ಕಾಲೇಜುಗಳಿಗೆ ಅರ್ಜಿ ಹಾಕುವ ವ್ಯವಸ್ಥೆಯಾದ ಯುಕಾಸ್ 2026ರ ಪ್ರವೇಶದಿಂದ ಮೂರು ಪ್ರಶ್ನೆ ಕೇಳುತ್ತಿದೆ, ಮೂರೂ ನೀವು ಓದಲಿರುವ ಕೋರ್ಸಿನ ಸುತ್ತಲೇ ಇವೆ.

ಮೊದಲ ಕರಡು ಸಾಮಾನ್ಯವಾಗಿ ಹೇಗಿರುತ್ತದೆ ಗೊತ್ತಾ? ಕನ್ನಡ ಪರೀಕ್ಷೆಯಲ್ಲಿ ನಾಲ್ಕು ಅಂಕದ ಪ್ರಶ್ನೆಗೆ ಬರೆದ ಉತ್ತರದ ಹಾಗೆ. ಇವನು ಧೈರ್ಯಶಾಲಿ, ಇವನು ಪ್ರಾಮಾಣಿಕ, ಕಷ್ಟಕ್ಕೆ ಹೆದರಲಿಲ್ಲ, ಇವನಿಂದ ನಾನು ಧೈರ್ಯ ಕಲಿತೆ. ಪಾತ್ರದ ಗುಣಗಳನ್ನು ಸಾಲಾಗಿ ಬರೆದರೆ ನಮ್ಮ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಹತ್ತು ವರ್ಷ ಅದನ್ನೇ ಕಲಿಸಿದ್ದೇವೆ, ಮಕ್ಕಳು ಅದನ್ನೇ ಬರೆಯುತ್ತಾರೆ. ಅವರ ತಪ್ಪಲ್ಲ. ಆದರೆ ಆ ಕರಡಿನ ಮೇಲಿನ ಹೆಸರು ಅಳಿಸಿ ಪಕ್ಕದ ಬೆಂಚಿನವನ ಹೆಸರು ಹಾಕಿದರೂ ಒಂದಕ್ಷರ ಬದಲಾಯಿಸಬೇಕಾಗಿಲ್ಲ. ಪ್ರವೇಶ ಕಚೇರಿಯಲ್ಲಿ ಓದುವವರು ಹುಡುಕುತ್ತಿರುವುದು ನಿಮ್ಮನ್ನು. ನಿಮ್ಮ ನಾಯಕನಿಗೆ ಅವರು ಸೀಟು ಕೊಡುವುದಿಲ್ಲ, ಅಲ್ವಾ?

ಅದಕ್ಕೇ ನಾನು ಮಕ್ಕಳಿಗೆ ಹೇಳುವುದು ಇಷ್ಟು. ಇಡೀ ಪಾತ್ರವನ್ನು ಬಿಡಿ. ಆ ಪಾತ್ರ ಮಾಡಿದ ಒಂದೇ ಒಂದು ಕೆಲಸ ಹಿಡಿಯಿರಿ. ಅದರ ಪಕ್ಕದಲ್ಲಿ ನೀವು ಮಾಡಿದ, ಅಥವಾ ಮಾಡದೇ ಬಿಟ್ಟ, ಒಂದು ಕೆಲಸ ಇಡಿ. ಎರಡರ ನಡುವೆ ಏನಾಯಿತು ಅನ್ನುವುದೇ ಪ್ರಬಂಧ.

ಒಂದು ಉದಾಹರಣೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಬ್ಬ ಹುಡುಗ ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೊ ಆರಿಸಿಕೊಂಡಿದ್ದ. 1980ರ ಕಾದಂಬರಿ, ನಿಮ್ಮಲ್ಲಿ ತುಂಬಾ ಜನ ಓದಿದ್ದೀರಿ. ಅವನು ಬರೆದಿದ್ದು ವಿಜ್ಞಾನಿ ಕರ್ವಾಲೊ ಬಗ್ಗೆ. ಜ್ಞಾನದ ಹಸಿವು, ಶಿಸ್ತು, ಸಂಶೋಧನೆ, ಹೀಗೆ. ಓದಿ ಮುಗಿಸಿ ನಾನು ಒಂದೇ ಪ್ರಶ್ನೆ ಕೇಳಿದೆ: ಈ ಪುಸ್ತಕದಲ್ಲಿ ನೀನು ಮತ್ತೆ ಮತ್ತೆ ತೆಗೆದು ಓದಿದ ಭಾಗ ಯಾವುದಪ್ಪಾ? ಅವನು ತಡವರಿಸಲೇ ಇಲ್ಲ. ಮಂದಣ್ಣ ಹೇಳುವುದನ್ನು ಕರ್ವಾಲೊ ಕೂತು ಕೇಳ್ತಾರಲ್ಲ ಮೇಡಂ, ಅದು, ಅಂದ.

ಮಂದಣ್ಣ ಮೂಡಿಗೆರೆ ಕಡೆಯ ಹಳ್ಳಿಯ ಹುಡುಗ. ಜೇನು ಹುಡುಕಿಕೊಂಡು ಕಾಡು ತಿರುಗುವವನು. ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನು. ಕಥೆ ಹೇಳುವ ರೈತನಿಗೂ ಮೊದಮೊದಲು ಅವನ ಬಗ್ಗೆ ದೊಡ್ಡ ಅಭಿಪ್ರಾಯವೇನಿಲ್ಲ. ಕಾದಂಬರಿಯಲ್ಲಿ ಎಲ್ಲರೂ ಹುಡುಕಿಕೊಂಡು ಹೋಗುವ ಹಾರುವ ಓತಿಯನ್ನು ಕಂಡವನು ಅದೇ ಮಂದಣ್ಣ. ಅವನೊಳಗೆ ಒಬ್ಬ ನಿಜವಾದ ನಿಸರ್ಗ ವಿಜ್ಞಾನಿ ಇದ್ದಾನೆ ಎಂದು ಗುರುತಿಸಿದ್ದು ಕರ್ವಾಲೊ. ಆ ಗುರುತಿಸುವಿಕೆಯೇ ನನ್ನ ವಿದ್ಯಾರ್ಥಿಯನ್ನು ಹಿಡಿದು ನಿಲ್ಲಿಸಿತ್ತು.

ಯಾಕೆ ಅದೇ ಭಾಗ ಅಂತ ಕೇಳಿದಾಗ ನಿಜವಾದ ವಿಷಯ ಹೊರಗೆ ಬಂತು. ಅವನಿಗೆ ಹಕ್ಕಿ ನೋಡುವ ಹುಚ್ಚು. ಬನ್ನೇರುಘಟ್ಟ ರಸ್ತೆಯ ಅವರ ಅಪಾರ್ಟ್‌ಮೆಂಟಿನಲ್ಲಿ ಹಕ್ಕಿಗಳ ಪಟ್ಟಿ ಮಾಡುತ್ತಿದ್ದ. ಒಂದು ದಿನ ಬೈನಾಕ್ಯುಲರ್ ಹಿಡಿದು ನಿಂತಿದ್ದಾಗ ಅಲ್ಲಿನ ಮಾಲಿ ಹತ್ತಿರ ಬಂದು, ಹಾಲಕ್ಕಿ ಹುಡುಕ್ತಿದ್ದೀಯಾ, ಅದು ಆ ಮಾವಿನ ಮರದ ಪೊಟರೆಯಲ್ಲಿದೆ, ಕತ್ತಲಾದ ಮೇಲೆ ಬಾ ಅಂದರು. ಹೋದ, ನೋಡಿದ. ಗೂಬೆಯ ಜಾತಿಯ ಆ ಪುಟ್ಟ ಹಕ್ಕಿ ಪೊಟರೆಯ ಬಾಯಲ್ಲಿ ಕೂತು ಅವನನ್ನೇ ನೋಡುತ್ತಿತ್ತು. ವರ್ಷಗಳಿಂದ ದಿನವೂ ಆ ಮಾಲಿಯನ್ನು ದಾಟಿಕೊಂಡು ಹೋಗಿದ್ದಾನೆ, ಅವರ ಹೆಸರು ಕೂಡ ಇವನಿಗೆ ಗೊತ್ತಿರಲಿಲ್ಲ. ಆಮೇಲೆ ತನ್ನ ನೋಟ್‌ಬುಕ್ಕಿನಲ್ಲಿ ಇನ್ನೊಂದು ಕಾಲಂ ಎಳೆದ. ಇಂಗ್ಲಿಷ್ ಹೆಸರಿನ ಪಕ್ಕದಲ್ಲಿ ಮಾಲಿ ಹೇಳುವ ಹೆಸರು, ಅವರು ಹೇಳುವ ಜಾಗ, ಅವರು ಹೇಳುವ ಹೊತ್ತು.

ಇದೆಲ್ಲ ಅವನ ಮೊದಲ ಕರಡಿನಲ್ಲಿ ಒಂದು ಸಾಲೂ ಇರಲಿಲ್ಲ! ಇದು ಮನೆಯ ವಿಷಯ, ದೊಡ್ಡ ಕಾಲೇಜಿಗೆ ಯಾಕೆ ಹೇಳೋದು ಅಂದುಕೊಂಡಿದ್ದನಂತೆ. ಎರಡನೇ ಕರಡಿನಲ್ಲಿ ಕಾದಂಬರಿಗೆ ಐದೇ ಸಾಲು ಕೊಟ್ಟ. ಉಳಿದದ್ದೆಲ್ಲ ಆ ಪೊಟರೆ, ಆ ಕಾಲಂ, ತನಗಿಂತ ಜಾಸ್ತಿ ಗೊತ್ತಿದ್ದವರನ್ನು ತಾನು ಇಷ್ಟು ದಿನ ಯಾಕೆ ಕೇಳಲಿಲ್ಲ ಎನ್ನುವ ಯೋಚನೆ. ಆ ಪ್ರಬಂಧ ಇನ್ನೊಬ್ಬರದ್ದಾಗಲು ಸಾಧ್ಯವೇ ಇಲ್ಲ.

ಇಲ್ಲಿ ಒಂದು ಭಯಕ್ಕೆ ಉತ್ತರ ಹೇಳಿಬಿಡುತ್ತೇನೆ, ಪ್ರತಿ ಸಲವೂ ಅಮ್ಮಂದಿರು ಕೇಳುವ ಪ್ರಶ್ನೆ ಇದು. ಕನ್ನಡದ ಪಾತ್ರ ಅಮೆರಿಕದವರಿಗೆ ಗೊತ್ತಾಗುತ್ತಾ ಮೇಡಂ? ಗೊತ್ತಾಗಬೇಕಾಗಿಲ್ಲ. ಯಾರು, ಎಲ್ಲಿಯವನು, ಏನು ಮಾಡಿದ, ಇಷ್ಟನ್ನು ನಾಲ್ಕೈದು ಸಾಲಿನಲ್ಲಿ ಹೇಳಿದರೆ ಸಾಕು. ಹಾಗಂತ ಹ್ಯಾರಿ ಪಾಟರ್ ಬೇಡ ಅಂತಲ್ಲ. ನಿಮ್ಮನ್ನು ನಿಜವಾಗಿ ಕಾಡಿದ್ದು ಅವನೇ ಆಗಿದ್ದರೆ ಅವನ ಬಗ್ಗೆಯೇ ಬರೆಯಿರಿ. ಅವನ ಬಗ್ಗೆ ಬರೆಯುವವರು ತುಂಬಾ ಜನ ಇರುತ್ತಾರೆ, ಹಾಗಾಗಿ ನಿಮ್ಮ ಪಾಲಿನ ಕಥೆ ಇನ್ನೂ ಗಟ್ಟಿಯಾಗಿರಬೇಕು, ಅಷ್ಟೇ.

ಇನ್ನೊಂದು ಮಾತು. ಕಥೆಯ ನಾಯಕನೇ ಆಗಬೇಕು ಅಂತ ಏನೂ ಇಲ್ಲ. ಗೋವಿನ ಹಾಡು ನಿಮಗೆಲ್ಲ ಬಾಯಿಗೆ ಬರುತ್ತದೆ. ಪುಣ್ಯಕೋಟಿ ಅಂದ ತಕ್ಷಣ ಎಲ್ಲರೂ ಸತ್ಯದ ಬಗ್ಗೆ ಬರೆಯಲು ಶುರು ಮಾಡುತ್ತಾರೆ. ಆದರೆ ಹುಲಿಯ ಹತ್ತಿರ ವಾಪಸ್ ಹೋಗುವ ಮುಂಚೆ ಅವಳು ಇನ್ನೊಂದು ಕೆಲಸ ಮಾಡುತ್ತಾಳೆ, ನೆನಪಿದೆಯಾ? ಉಳಿದ ಹಸುಗಳ ಹತ್ತಿರ ಹೋಗಿ ತನ್ನ ಕರುವನ್ನು ಒಪ್ಪಿಸುತ್ತಾಳೆ, ನಿಮ್ಮದೇ ಮಗು ಅಂತ ನೋಡಿಕೊಳ್ಳಿ ಎಂದು ಕೇಳಿಕೊಳ್ಳುತ್ತಾಳೆ. ಅಲ್ಲಿ ಆ ಹಸುಗಳನ್ನು ಅವಳು ಹೆಸರು ಹಿಡಿದು ಕರೆಯುವುದಿಲ್ಲ, ಅಮ್ಮಗಳಿರಾ ಅಕ್ಕಗಳಿರಾ ಅನ್ನುತ್ತಾಳೆ. ಅಮ್ಮ ದೂರದ ಊರಿನಲ್ಲಿ ಕೆಲಸದಲ್ಲಿದ್ದು, ಅಜ್ಜಿಯೋ ಚಿಕ್ಕಮ್ಮನೋ ಸಾಕಿದ ಮಗು ನೀವಾಗಿದ್ದರೆ, ಆ ಹಾಡಿನಲ್ಲಿ ನಿಮ್ಮ ಜಾಗ ಅದೇ. ಬೇರೆಯವರ ಕರುವನ್ನು ತಮ್ಮದು ಅಂತ ಒಪ್ಪಿಕೊಂಡವರ ಬಗ್ಗೆ ನಿಮ್ಮಷ್ಟು ಚೆನ್ನಾಗಿ ಯಾರು ಬರೆಯಬಲ್ಲರು?

ಈಗ ಸ್ವಲ್ಪ ಕಷ್ಟದ ವಿಷಯ. ಇನ್ನೊಬ್ಬರ ನೋವನ್ನು ನಮ್ಮ ಅರ್ಜಿಗೆ ಅಲಂಕಾರ ಮಾಡಿಕೊಳ್ಳುವುದು. ಶಿವರಾಮ ಕಾರಂತರ ಚೋಮನ ದುಡಿ 1933ರಲ್ಲಿ ಬಂತು. ಚೋಮನ ಹತ್ತಿರ ಎತ್ತುಗಳಿವೆ, ಉಳುವುದಕ್ಕೆ ಭೂಮಿ ಇಲ್ಲ. ಅವನ ಜಾತಿಯವರು ಬೇಸಾಯ ಮಾಡುವ ಹಾಗಿಲ್ಲ. ಆ ಸಂಕಟವನ್ನು ಅವನು ದುಡಿಯ ಮೇಲೆ ಬಾರಿಸಿ ತೀರಿಸಿಕೊಳ್ಳುತ್ತಾನೆ. ಎಲ್ಲ ಅನುಕೂಲ ಇರುವ ಮನೆಯ ಮಗು, ಚೋಮನಿಂದ ನಾನು ಛಲ ಕಲಿತೆ ಅಂತ ಬರೆದುಕೊಂಡು ಬಂದಾಗ ನನಗೆ ನಿಜಕ್ಕೂ ನೋವಾಗುತ್ತದೆ. ಚೋಮನಿಗೆ ಛಲದ ಕೊರತೆ ಇರಲಿಲ್ಲ. ಅವನಿಗೆ ಇಲ್ಲದೇ ಹೋದದ್ದು ಭೂಮಿ. ಆ ಕಾದಂಬರಿ ನಿಮ್ಮನ್ನು ಕಲಕಿದ್ದರೆ, ನೀವು ನಿಂತ ಜಾಗದಿಂದಲೇ ಬರೆಯಿರಿ. ಅಲ್ಲಿ ಜಮೀನಿನ ಒಡೆಯ ಸಂಕಪ್ಪಯ್ಯನೂ ಇದ್ದಾರೆ. ಚೋಮ ಅವರ ಅಂಗಳಕ್ಕೆ ಬಂದು ಭೂಮಿ ಕೇಳುತ್ತಾನೆ, ಸಿಗುವುದಿಲ್ಲ. ನಿಮ್ಮ ತಾತನಿಗೆ ಜಮೀನಿದ್ದರೆ, ಅದನ್ನು ಉತ್ತವರು ಯಾರು, ಅವರ ಮಕ್ಕಳು ಈಗ ಎಲ್ಲಿದ್ದಾರೆ ಅಂತ ಮನೆಯಲ್ಲಿ ಒಮ್ಮೆ ಕೇಳಿ ನೋಡಿ. ಸಂಕಪ್ಪಯ್ಯನ ಬಗ್ಗೆ ಬರೆಯುವುದಕ್ಕೆ ಧೈರ್ಯ ಬೇಕು. ಹದಿನೇಳು ವರ್ಷದವರಿಗೆ ಆ ಧೈರ್ಯ ಇದೆ, ನಾನು ನೋಡಿದ್ದೇನೆ. ಇನ್ನು ಚೋಮನ ಸಂಕಟವನ್ನು ಮನೆಯಲ್ಲೇ ಕೇಳಿಕೊಂಡು ಬೆಳೆದ ಮಕ್ಕಳೂ ಇಲ್ಲಿ ಇರಬಹುದು. ನೀವು ಹೇಗೆ ಬರೆಯಬೇಕು ಅಂತ ನಾನು ಹೇಳುವುದಿಲ್ಲ. ಬರೆಯುವುದೋ ಬೇಡವೋ ಅನ್ನುವುದೂ ನಿಮ್ಮದೇ ತೀರ್ಮಾನ. ನಿಮ್ಮ ನೋವನ್ನು ಯಾವ ಕಾಲೇಜಿಗೂ ಒಪ್ಪಿಸಬೇಕಾದ ಸಾಲ ಇಲ್ಲ.

ಪೋಷಕರಿಗೆ ಒಂದು ವಿನಂತಿ. ಕರಡು ಓದಿ, ಆದರೆ ಪೆನ್ನು ಕೆಳಗಿಡಿ. ನೀವು ಒಂದು ಒಳ್ಳೆಯ ಪದ ಸೇರಿಸುತ್ತೀರಿ, ಕೌನ್ಸೆಲರ್ ಇನ್ನೆರಡು ಸೇರಿಸುತ್ತಾರೆ, ಕೊನೆಗೆ ಮಗುವಿನ ದನಿಯೇ ಉಳಿಯುವುದಿಲ್ಲ. ಎಐ ಹತ್ತಿರ ಬರೆಸುವ ಯೋಚನೆ ಇದ್ದರೆ ಇಲ್ಲಿಗೇ ಬಿಟ್ಟುಬಿಡಿ. ಅದು ಬರೆದದ್ದನ್ನು ಸ್ವಂತದ್ದು ಅಂತ ಕೊಟ್ಟರೆ ಕಾಮನ್ ಆಪ್ ಅದನ್ನು ವಂಚನೆ ಎಂದೇ ಪರಿಗಣಿಸುತ್ತದೆ. ಅದಿರಲಿ, ಹಾಲಕ್ಕಿ ಯಾವ ಮರದಲ್ಲಿತ್ತು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಹೇಗೆ ಶುರು ಮಾಡುವುದು ಅಂತ ಕೇಳಿದರೆ, ಬರೆಯಲು ಕೂರಬೇಡಿ. ಮನೆಯ ಕಪಾಟಿನ ಮುಂದೆ ನಿಲ್ಲಿ. ಮನೆಯಲ್ಲಿ ಪುಸ್ತಕ ಇಲ್ಲದಿದ್ದರೆ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ ಇದೆ, ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದ ಅಂಗಡಿಗಳಿವೆ. ಎಲ್ಲೋ ಓದಿ ಸಿಟ್ಟು ಬಂದ ಪುಟ, ನಾಚಿಕೆಯಾದ ಪುಟ, ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ನಿಂತ ಪುಟ, ಅದನ್ನು ಹುಡುಕಿ. ಮೆಚ್ಚಿದ ಪಾತ್ರಕ್ಕಿಂತ ನೀವು ಜಗಳ ಆಡಿದ ಪಾತ್ರ ಎಷ್ಟೋ ಸಲ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಆ ಪುಟದಲ್ಲಿ ಪಾತ್ರ ಏನು ಮಾಡಿತು ಅಂತ ಒಂದು ಸಾಲು ಬರೆಯಿರಿ. ನಿಮ್ಮ ಜೀವನದಲ್ಲಿ ಅದಕ್ಕೆ ತಾಗುವ ಘಟನೆ ಸಿಗದಿದ್ದರೆ ಸುಮ್ನೆ ಎಳೆದು ಹೊಂದಿಸಬೇಡಿ, ಆ ಪಾತ್ರವನ್ನು ಬಿಟ್ಟು ಇನ್ನೊಂದು ನೋಡಿ. 650 ಪದದಲ್ಲಿ ಕಥೆಗೆ ನೂರಕ್ಕಿಂತ ಜಾಸ್ತಿ ಕೊಡಬೇಡಿ.

ಬೇಗ ಅರ್ಜಿ ಹಾಕುವವರಿಗೆ ಹೆಚ್ಚಿನ ಕಡೆ ಗಡುವು ನವೆಂಬರ್ ಮೊದಲ ವಾರಕ್ಕೆ ಬರುತ್ತದೆ, ಉಳಿದವರಿಗೆ ಜನವರಿ. ಪುಸ್ತಕ ಹುಡುಕುವುದನ್ನು ಈ ವಾರವೇ ಶುರು ಮಾಡಿ. ಈಗ ಪ್ರಶ್ನೆಗಳು. ಮಕ್ಕಳು ಮೊದಲು ಕೇಳಲಿ, ಅಪ್ಪ ಅಮ್ಮಂದಿರದ್ದು ಆಮೇಲೆ.